ಸದ್ಯ ಯಾವುದು ಕಡಿಮೆ ಇದೆ? ಏರ್‌ಲೈನ್ ಆಟದಲ್ಲಿ ವಿಮಾನ ಆರಿಸುವ ಲೆಕ್ಕ

ಏರ್‌ಲೈನ್ ಕಂಪನಿ ನಡೆಸುವ ಆಟಕ್ಕೆ ಹೊಸದಾಗಿ ಬಂದವರೆಲ್ಲ ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: ಯಾವ ವಿಮಾನ ಒಳ್ಳೇದು? ನಮ್ಮ ಚಿಕ್ಕಪ್ಪನ ಮಗನೂ ಅದನ್ನೇ ಕೇಳಿದ. ದಾವಣಗೆರೆಯ ನಮ್ಮ ಮನೆ ಜಗಲಿಯ ಮೇಲೆ ಕೂತಿದ್ದೆವು. ನಡುವೆ ಪೇಪರ್ ಹಾಸಿ ಮಂಡಕ್ಕಿ, ಮಿರ್ಚಿ ಸುರುವಿದ್ದರು. ಅವನ ಕೈಯಲ್ಲಿ ಮೊಬೈಲ್, ಅದರಲ್ಲಿ ‘ಏರ್‌ಲೈನ್ ಮ್ಯಾನೇಜರ್ 4’. ಆಟ ಕೊಟ್ಟ ದುಡ್ಡಷ್ಟನ್ನೂ ಸುರಿದು ದೊಡ್ಡ ವಿಮಾನವೊಂದನ್ನು ಕೊಳ್ಳಲು ಬೆರಳು ಒತ್ತುವುದೊಂದೇ ಬಾಕಿ ಇತ್ತು.

ನಾನು ಏನಾದರೂ ಹೇಳುವ ಮೊದಲೇ ದೊಡ್ಡಪ್ಪ ಕೇಳಿದರು: “ಅದಿರ್ಲಿ ತಮ್ಮಾ, ನಿನ್ನ ರೂಟಿನಾಗೆ ದಿನಕ್ಕೆ ಮಂದಿ ಎಷ್ಟು ಅದಾರೆ?”

ದೊಡ್ಡಪ್ಪ ಮೂವತ್ತು ವರ್ಷ ಬಸ್ಸು ಇಟ್ಟವರು. ವಿಮಾನ ಹತ್ತಿದ್ದು ಎರಡೇ ಸಲ. ಆದರೂ ಕೇಳಬೇಕಾದ್ದನ್ನೇ ಕೇಳಿದ್ದರು. ಆ ಅಂಕಿ ಪರದೆಯ ಮೇಲೇ ಇತ್ತು, ಹುಡುಗ ನೋಡಿರಲಿಲ್ಲ.

ಇಂಥ ಆಟಗಳಲ್ಲಿ ವಿಮಾನಕ್ಕೆ ತನ್ನಷ್ಟಕ್ಕೆ ತಾನೇ ಒಳ್ಳೆಯದು ಕೆಟ್ಟದ್ದು ಅಂತ ಇಲ್ಲ. ನಿಮ್ಮ ಕಂಪನಿಗೆ ಯಾವಾಗಲೂ ಏನಾದರೊಂದು ಕೊರತೆ ಇದ್ದೇ ಇರುತ್ತದೆ. ಮೊದಮೊದಲು ದುಡ್ಡಿನ ಕೊರತೆ. ಆಮೇಲೆ ಪ್ರಯಾಣಿಕರ ಕೊರತೆ. ದೊಡ್ಡ ನಿಲ್ದಾಣಗಳಿಗೆ ಹೋದಾಗ ಇಳಿಯುವ ಸಮಯದ, ಅಂದರೆ ಸ್ಲಾಟ್‌ನ ಕೊರತೆ. ಪರೀಕ್ಷೆ ಹತ್ತಿರ ಬಂದಾಗ ಆಡುವವನ ಪುರುಸೊತ್ತಿನ ಕೊರತೆ. ಯಾವುದು ಕಡಿಮೆ ಇದೆಯೋ ಅದನ್ನು ಉಳಿಸಿಕೊಡುವ ವಿಮಾನವೇ ಆ ಹೊತ್ತಿಗೆ ಸರಿಯಾದ ವಿಮಾನ. ಕೊರತೆ ಬದಲಾದರೆ ವಿಮಾನವೂ ಬದಲಾಗಬೇಕು. ಆಟದಲ್ಲಿ ಮುಳುಗಿದ ಕಂಪನಿಗಳನ್ನು ನೋಡಿ. ಹೆಚ್ಚಿನವು ಮುಳುಗಿದ್ದು ಕೆಟ್ಟ ವಿಮಾನ ಕೊಂಡಿದ್ದಕ್ಕಲ್ಲ, ಹೋದ ವರ್ಷದ ಕೊರತೆಗೆ ಈ ವರ್ಷ ಔಷಧಿ ಕೊಂಡಿದ್ದಕ್ಕೆ.

ಒಂದು ಲೆಕ್ಕ ಹಾಕಿ ನೋಡೋಣ. ಇದನ್ನು ಬಿಡಿಸಿಕೊಂಡರೆ ಅರ್ಧ ಆಟ ಅರ್ಥವಾದಂತೆ.

ನಮ್ಮ ದಾವಣಗೆರೆಗಾಗಲಿ ಚಿತ್ರದುರ್ಗಕ್ಕಾಗಲಿ ಪ್ರಯಾಣಿಕರ ವಿಮಾನ ನಿಲ್ದಾಣ ಇಲ್ಲ. ಚಳ್ಳಕೆರೆ ಕಡೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು, ಅಲ್ಲಿ ಹಾರುವುದು ಪೈಲಟ್ ಇಲ್ಲದ ವಿಮಾನಗಳು. ಹಾಗಾಗಿ ನಮ್ಮ ಕಡೆಯ ಆಟಗಾರರು ಹುಬ್ಬಳ್ಳಿಯನ್ನೋ ಶಿವಮೊಗ್ಗವನ್ನೋ ತವರು ನಿಲ್ದಾಣ ಮಾಡಿಕೊಳ್ಳುತ್ತಾರೆ. ಹುಡುಗ ಹುಬ್ಬಳ್ಳಿ ಹಿಡಿದಿದ್ದ. ಹುಬ್ಬಳ್ಳಿ–ಬೆಂಗಳೂರು ರೂಟಿಗೆ ಎರಡು ವಿಮಾನಗಳನ್ನು ಹೋಲಿಸೋಣ. ಒಂದು 78 ಸೀಟಿನ ಎಟಿಆರ್ 72, ರೆಕ್ಕೆಯ ಮೇಲೆ ಫ್ಯಾನ್ (ಪ್ರೊಪೆಲ್ಲರ್) ತಿರುಗುವ ವಿಮಾನ. ಇನ್ನೊಂದು 186 ಸೀಟಿನ ಏರ್‌ಬಸ್ ಎ320, ಜೆಟ್. ಸೀಟಿನ ಸಂಖ್ಯೆ ನಿಜದ್ದು. ದುಡ್ಡಿನ ಅಂಕಿಗಳನ್ನು ಮಾತ್ರ ಲೆಕ್ಕ ಸಲೀಸಾಗಲಿ ಅಂತ ನಾನೇ ಇಟ್ಟುಕೊಂಡಿದ್ದೇನೆ. ಟಿಕೆಟ್ 3,000 ರೂಪಾಯಿ. ಎಟಿಆರ್‌ನ ಒಂದು ಟ್ರಿಪ್ಪಿನ ಖರ್ಚು 1,80,000. ಎ320ರದ್ದು 3,60,000.

ಸೀಟಿಗೆ ಎಷ್ಟು ಬಿತ್ತು ನೋಡಿ. ಎಟಿಆರ್‌ನಲ್ಲಿ ಸುಮಾರು 2,308 ರೂಪಾಯಿ, ಎ320ರಲ್ಲಿ 1,935. ಇಲ್ಲಿಗೆ ನಿಲ್ಲಿಸಿದವರು ದೊಡ್ಡದನ್ನೇ ಕೊಳ್ಳುತ್ತಾರೆ. ಆದರೆ ಖರ್ಚಾಗುವುದು ಟ್ರಿಪ್ಪಿಗೆ, ದುಡ್ಡು ಬರುವುದು ತುಂಬಿದ ಸೀಟಿಗೆ. ಎಟಿಆರ್‌ಗೆ 60 ಜನ ಹತ್ತಿದರೆ ಅಸಲು ಬಂತು. ಎ320ಗೆ 120 ಜನ ಬೇಕು. ದಿನಕ್ಕೆ 100 ಜನ ಇರುವ ರೂಟಿನಲ್ಲಿ ಎಟಿಆರ್ 78 ಜನರನ್ನು ಹೊತ್ತು, 22 ಜನರನ್ನು ಬಿಟ್ಟು, 54,000 ಲಾಭ ತರುತ್ತದೆ. ಎ320 ನೂರೂ ಜನರನ್ನು ಹೊತ್ತು 60,000 ಕಳೆಯುತ್ತದೆ. ಯಾರನ್ನೂ ಬಿಡದೆ ಕರೆದೊಯ್ದ ವಿಮಾನವೇ ನಷ್ಟ ಮಾಡಿತು.

ಈಗ ಜನ 170 ಆದರು ಅನ್ನಿ. ಎ320 ಒಂದೇ ಟ್ರಿಪ್ಪಿನಲ್ಲಿ ಎಲ್ಲರನ್ನೂ ಒಯ್ದು 1,50,000 ಉಳಿಸುತ್ತದೆ. ಎಟಿಆರ್ ಎರಡು ಟ್ರಿಪ್ ಹೊಡೆದು 156 ಜನರನ್ನು ಒಯ್ದು 1,08,000 ತರುತ್ತದೆ. ಈಗ ದೊಡ್ಡದು ಗೆದ್ದಿತು. ಹಾಗಾದರೆ 150 ಜನ ಇದ್ದರೆ? ಎರಡಕ್ಕೂ 90,000, ಸರಿಸಮ. ಈ ಸರಿಸಮದ ಜಾಗದಲ್ಲೇ ನಿಜವಾಗಿ ತಲೆ ಓಡಿಸಬೇಕು. ಎರಡು ಟ್ರಿಪ್ ಎಂದರೆ ಬೆಳಿಗ್ಗೆ ಒಂದು, ಸಂಜೆ ಒಂದು. ಕೆಲಸ ಮುಗಿಸಿಕೊಂಡು ಅದೇ ದಿನ ವಾಪಸಾಗುವವನಿಗೆ ಇದು ಬೇಕು. ಜನ ಕಡಿಮೆಯಾದ ವಾರ ಒಂದು ಟ್ರಿಪ್ ಕೈಬಿಡಬಹುದು, ಎ320ಯ ಅರ್ಧವನ್ನು ಮನೆಯಲ್ಲಿ ಬಿಟ್ಟು ಹೋಗಲು ಆಗುವುದಿಲ್ಲ. ನಾನಂತೂ ಸರಿಸಮ ಬಂದಾಗ ಚಿಕ್ಕದನ್ನೇ ಹಿಡಿಯುತ್ತೇನೆ.

ಶಿವಮೊಗ್ಗ ನಿಲ್ದಾಣದಲ್ಲಿ ನಡೆದದ್ದೂ ಇದೇ ಲೆಕ್ಕ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಆ ನಿಲ್ದಾಣದ ರನ್‌ವೇ 3,200 ಮೀಟರ್, ದೊಡ್ಡ ಜೆಟ್ ಇಳಿಯುವಷ್ಟು ಉದ್ದ. ಆದರೆ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದಿಳಿದ ಮೊದಲ ಇಂಡಿಗೋ ವಿಮಾನ ಎಟಿಆರ್. ರನ್‌ವೇ ದೊಡ್ಡದಿದೆ ಅಂತ ವಿಮಾನ ದೊಡ್ಡದು ಕಳಿಸಲಿಲ್ಲ, ಹತ್ತುವ ಜನರಷ್ಟು ದೊಡ್ಡದನ್ನು ಕಳಿಸಿದರು.

ಎಟಿಆರ್‌ಗೂ ಮಿತಿ ಇದೆ. ಗಂಟೆಗೆ ಸುಮಾರು 500 ಕಿಲೋಮೀಟರ್ ಅದರ ವೇಗ, ಜೆಟ್ 800 ದಾಟುತ್ತದೆ. ಹತ್ತಿರದ ಊರಿಗೆ ಇಪ್ಪತ್ತು ನಿಮಿಷದ ವ್ಯತ್ಯಾಸವಾದರೆ ಪರವಾಗಿಲ್ಲ. ದೂರ ಹೆಚ್ಚಿದಂತೆ ಜೆಟ್ ದಿನಕ್ಕೊಂದು ಟ್ರಿಪ್ ಹೆಚ್ಚು ಹೊಡೆಯುತ್ತದೆ, ಹುಬ್ಬಳ್ಳಿ–ದೆಹಲಿಯಂಥ ರೂಟಿನಲ್ಲಿ ಎಟಿಆರ್ ಮಾತೇ ಬರುವುದಿಲ್ಲ.

ದುಡ್ಡಿನ ಕೊರತೆಗೆ ಬರೋಣ. ಶುರುವಿನಲ್ಲಿ ಹಾಸಿಗೆ ಸಣ್ಣದು. ಲೀಸ್ ಇರುವ ಆಟಗಳಲ್ಲಿ, ಉದಾಹರಣೆಗೆ ನಾನು ಆಡುವ ‘ಏರ್‌ಲೈನ್‌ಸಿಮ್’ನಲ್ಲಿ, ವಿಮಾನವನ್ನು ಬಾಡಿಗೆಗೆ ತಂದು ಓಡಿಸಬಹುದು. ಕೊಂಡರೆ ಒಟ್ಟಾರೆ ಖರ್ಚು ಕಡಿಮೆ, ಆದರೆ ಇರುವ ದುಡ್ಡೆಲ್ಲ ಒಂದೇ ವಿಮಾನದ ಹೊಟ್ಟೆ ಸೇರುತ್ತದೆ. ಲೀಸ್‌ನಲ್ಲಿ ಅದೇ ದುಡ್ಡಿಗೆ ನಾಲ್ಕು ವಿಮಾನ ಓಡುತ್ತವೆ, ಸರಿಬರದಿದ್ದರೆ ಹಿಂತಿರುಗಿಸಬಹುದು. ಆ ಹಿಂತಿರುಗಿಸುವ ದಾರಿಗೂ ಬೆಲೆ ಇದೆ, ಬಾಡಿಗೆಯಲ್ಲಿ ನಾವು ಹೆಚ್ಚು ಕೊಡುವುದು ಅದಕ್ಕೇ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಾಲ್ಕು ಎಟಿಆರ್ ಚೆನ್ನಾಗಿ ದುಡಿಯುತ್ತಿದ್ದವು. ಇನ್ನೂ ನಾಲ್ಕು ತಂದು ಊರೂರು ಜೋಡಿಸುವ ಬದಲು ಎರಡು ದೊಡ್ಡ ಎ330 ಜೆಟ್ ಲೀಸ್‌ಗೆ ತಂದು ಬೆಂಗಳೂರು–ಲಂಡನ್‌ಗೆ ಬಿಟ್ಟೆ. ಆ ರೂಟಿನಲ್ಲಿ ಆಗಲೇ ಬೇರೆ ಆಟಗಾರರು ಬೇರೂರಿದ್ದರು. ಅವರ ಬಳಿ ಬೆಂಗಳೂರಿಗೆ ಜನ ತಂದು ಸುರಿಯುವ ಸಣ್ಣ ವಿಮಾನಗಳ ಜಾಲ ಇತ್ತು, ನನ್ನ ಬಳಿ ಇರಲಿಲ್ಲ. ಸೀಟು ಅರ್ಧಕ್ಕರ್ಧ ಖಾಲಿ. ಬಾಡಿಗೆ ಮಾತ್ರ ವಾರವಾರ ತಪ್ಪದೆ ಕಟ್ ಆಗುತ್ತಿತ್ತು. ಆರನೇ ವಾರಕ್ಕೆ ಎಟಿಆರ್‌ಗಳ ದುಡಿಮೆಯನ್ನೂ ಅವೆರಡೇ ತಿಂದವು. ಲೀಸ್ ಆಗಿದ್ದಕ್ಕೆ ವಾಪಸ್ ಕೊಟ್ಟು ಉಳಿದುಕೊಂಡೆ, ಕೊಂಡಿದ್ದರೆ ಕಂಪನಿ ಅಲ್ಲಿಗೇ ಮುಗಿಯುತ್ತಿತ್ತು.

ನಿಜದ ಕಂಪನಿಗಳು ಪರೀಕ್ಷಿಸಿ ನೋಡಿ ಕೊಳ್ಳುತ್ತವೆ. 1974ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ300 ಮೊದಮೊದಲು ಹೆಚ್ಚು ಮಾರಾಟವಾಗಲಿಲ್ಲ. ಎರಡೇ ಎಂಜಿನ್‌ನ ಅಷ್ಟು ಅಗಲದ ವಿಮಾನವನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. 1977ರಲ್ಲಿ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್ ನಾಲ್ಕು ವಿಮಾನಗಳನ್ನು ಆರು ತಿಂಗಳ ಮಟ್ಟಿಗೆ ತಂದು ಓಡಿಸಿ ನೋಡಿತು. ಮಾರನೇ ವರ್ಷ 23 ಆರ್ಡರ್ ಕೊಟ್ಟಿತು. ಆಟದಲ್ಲೂ ಹೊಸ ಬಗೆಯ ವಿಮಾನ ಬಂದಾಗ ಒಂದೆರಡನ್ನು ಲೀಸ್‌ಗೆ ತಂದು ನಿಮ್ಮದೇ ರೂಟಿನಲ್ಲಿ ಓಡಿಸಿ, ಬಂದ ಲೆಕ್ಕ ನೋಡಿ ಆಮೇಲೆ ಕೊಳ್ಳುವುದು ನನಗೆ ಸರಿ ಕಾಣುತ್ತದೆ.

ಹಳೇ ವಿಮಾನ ತಗೊಳ್ಳಲೋ ಹೊಸದೋ ಅನ್ನುವುದು ಇದರ ಪಕ್ಕದ ಪ್ರಶ್ನೆ. ಹಳೆಯದಕ್ಕೆ ಬೆಲೆ ಕಡಿಮೆ, ಇಂಧನ ಮತ್ತು ರಿಪೇರಿ ಜಾಸ್ತಿ. ಇಂಧನದ ಖರ್ಚು ಹಾರಿದಷ್ಟೇ, ಕಂತು ಹಾರದಿದ್ದರೂ ಕಟ್ಟಬೇಕು. ಹಾಗಾಗಿ ದಿನಕ್ಕೆ ಎಷ್ಟು ಗಂಟೆ ಹಾರಿಸುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಅಮೆರಿಕದ ಅಲೀಜಿಯಂಟ್ ಬಹಳ ವರ್ಷ ಹಳೇ ಎಂಡಿ-80 ವಿಮಾನಗಳನ್ನು ಅಗ್ಗಕ್ಕೆ ಕೊಂಡು, ರಜೆಗೆ ಹೋಗುವ ಜನ ಇರುವ ದಿನಗಳಲ್ಲಿ ಹಾರಿಸಿ ಉಳಿದ ದಿನ ನಿಲ್ಲಿಸುತ್ತಿತ್ತು. 2018ರ ನವೆಂಬರ್‌ನಲ್ಲಿ ಅವಕ್ಕೆ ವಿದಾಯ ಹೇಳುವವರೆಗೂ ಅದು ಲಾಭದ ದಾರಿಯೇ ಆಗಿತ್ತು. ಇಂಡಿಗೋ ಹಿಡಿದದ್ದು ಇದಕ್ಕೆ ಪೂರ್ತಿ ಉಲ್ಟಾ ದಾರಿ: ಹೊಸ ವಿಮಾನ, ಬೆಳಗಿನಿಂದ ರಾತ್ರಿವರೆಗೂ ಬಿಡುವಿಲ್ಲದ ಹಾರಾಟ. ದೊಡ್ಡಪ್ಪನ ಹತ್ತಿರವೂ ಹೀಗೇ ಇದೆ. ದಿನಾ ರೂಟಿಗೆ ಹೋಗುವುದು ಹೊಸ ಬಸ್ಸು, ಮದುವೆ ಹಂಗಾಮಿನಲ್ಲಿ ಮಾತ್ರ ಹೊರಡುವುದು ಹಳೇದು.

ಇನ್ನು ಆಡುವವನ ಪುರುಸೊತ್ತು. ಇದರ ಬಗ್ಗೆ ಹೊಸಬರಿಗೆ ಯಾರೂ ಹೇಳುವುದಿಲ್ಲ, ಆದರೆ ಎಷ್ಟೋ ಸಲ ಇದೇ ನಿರ್ಣಾಯಕ. ಏರ್‌ಲೈನ್‌ಸಿಮ್‌ನಲ್ಲಿ ಒಮ್ಮೆ ವಾರದ ವೇಳಾಪಟ್ಟಿ ಹಾಕಿಟ್ಟರೆ ವಿಮಾನಗಳು ತಾವೇ ಹಾರುತ್ತವೆ. ಏರ್‌ಲೈನ್ ಮ್ಯಾನೇಜರ್ 4ರಲ್ಲಿ ಹಾಗಲ್ಲ, ಇಳಿದ ವಿಮಾನವನ್ನು ನೀವೇ ಮತ್ತೆ ಹೊರಡಿಸಬೇಕು. ಒಂದು ಗಂಟೆಯ ರೂಟಿನಲ್ಲಿ ಹತ್ತು ವಿಮಾನ ಇಟ್ಟು ದಿನಕ್ಕೆ ಎರಡು ಸಲ ಮೊಬೈಲ್ ತೆಗೆದರೆ ಅವು ಇಪ್ಪತ್ತು ಗಂಟೆಗಿಂತ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತವೆ. ಅದೇ ಮನುಷ್ಯ ಹತ್ತು ಹನ್ನೆರಡು ಗಂಟೆಯ ದೂರದ ರೂಟು ಹಾಕಿದರೆ ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ ಹೊರಡಿಸಿದರೆ ಸಾಕು. ಮೇಲೆ ಸಣ್ಣ ವಿಮಾನದ ಪರ ನಾನು ಹೇಳಿದ್ದೆಲ್ಲ ಇಲ್ಲಿ ತಿರುಗಿ ಬೀಳುತ್ತದೆ. ಇದೇ ಆಟದಲ್ಲಿ ಬಿಸಿನೆಸ್ ಸೀಟು ಎರಡು ಸಾಧಾರಣ ಸೀಟಿನ ಜಾಗ ತಿನ್ನುತ್ತದೆ, ಫಸ್ಟ್ ಕ್ಲಾಸ್ ಸೀಟು ಮೂರರ ಜಾಗ. ಸೀಟು ಜೋಡಿಸುವಾಗಲೂ ಆ ರೂಟಿನಲ್ಲಿ ಎಂಥ ಜನ ಎಷ್ಟಿದ್ದಾರೆ ಅಂತ ನೋಡಿಕೊಳ್ಳಬೇಕು.

ಇಂಧನದ ವಿಷಯ. ನಮ್ಮ ದೇಶದ ಕಂಪನಿಗಳ ಖರ್ಚಿನಲ್ಲಿ ಸುಮಾರು ಶೇ 30ರಿಂದ 40ರಷ್ಟು ಇಂಧನಕ್ಕೇ ಹೋಗುತ್ತದೆ, ಆಟಗಳೂ ಇದನ್ನು ಅನುಕರಿಸುತ್ತವೆ. ಏರ್‌ಲೈನ್ ಮ್ಯಾನೇಜರ್‌ನಲ್ಲಿ ಅರ್ಧ ಗಂಟೆಗೊಮ್ಮೆ ಇಂಧನದ ದರ ಬದಲಾಗುತ್ತದೆ, ದರ ಇಳಿದಾಗ ಟ್ಯಾಂಕ್ ತುಂಬಿಸಿಟ್ಟುಕೊಳ್ಳಬಹುದು. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹೊಲದವರು ಹೇಳುವುದು ಇಲ್ಲಿ ಅಕ್ಷರಶಃ ಕೆಲಸಕ್ಕೆ ಬರುತ್ತದೆ. ಆದರೆ ದರ ಏರಿ ಅಲ್ಲೇ ನಿಂತುಬಿಟ್ಟರೆ? ಮೇಲಿನ ಲೆಕ್ಕಕ್ಕೇ ವಾಪಸ್ ಹೋಗೋಣ. ಎ320ರ ಖರ್ಚಿನಲ್ಲಿ ಇಂಧನ ಶೇ 40, ಎಟಿಆರ್‌ನಲ್ಲಿ ಶೇ 30 ಅಂತಿಟ್ಟುಕೊಂಡು ದರವನ್ನು ಒಂದೂವರೆ ಪಟ್ಟು ಮಾಡಿ. ಎ320ರ ಟ್ರಿಪ್ 4,32,000ಕ್ಕೆ ಏರಿತು, ಅಸಲಿಗೆ 144 ಜನ ಬೇಕು. ಎಟಿಆರ್ 2,07,000ಕ್ಕೆ ಏರಿತು, 69 ಜನ ಸಾಕು. ಸರಿಸಮ ಇದ್ದ 150 ಜನರ ರೂಟಿನಲ್ಲಿ ಈಗ ಎಟಿಆರ್ ಎರಡು ಟ್ರಿಪ್ಪಿಗೆ 36,000 ತರುತ್ತದೆ, ಎ320 ಬರೀ 18,000. ರೂಟು ಅದೇ, ಜನ ಅಷ್ಟೇ, ತಕ್ಕಡಿ ಮಾತ್ರ ವಾಲಿತು.

1973ರ ಕೊನೆಗೆ ಹೀಗೇ ಆಯಿತು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ತೈಲ ಕೆಲವೇ ತಿಂಗಳಲ್ಲಿ 12ರ ಹತ್ತಿರ ಹೋಯಿತು. ನಾಲ್ಕು ಎಂಜಿನ್‌ನ ಬೋಯಿಂಗ್ 707, ಡಿಸಿ-8 ಓಡಿಸುವುದು ಭಾರವಾಯಿತು, ಎರಡು ಎಂಜಿನ್‌ನ ಎ300 ಮೇಲೆ ನಿಧಾನಕ್ಕೆ ಕಣ್ಣು ಬಿತ್ತು. ‘ಏರ್‌ವೇಸಿಮ್’ನಂಥ, ಹಳೇ ಕಾಲದಿಂದ ಶುರುವಾಗಿ ದಶಕಗಳನ್ನು ದಾಟಿಸುವ ಆಟಗಳಲ್ಲಿ ಈ ಇತಿಹಾಸ ಗೊತ್ತಿದ್ದವರಿಗೆ ಅನುಕೂಲ. ಎರಡಂತಸ್ತಿನ ದೈತ್ಯ ವಿಮಾನ ಎ380ರ ಕಥೆಯೂ ಇದೇ ಜಾತಿಯದು. 2007ರ ಅಕ್ಟೋಬರ್‌ನಲ್ಲಿ ಮೊದಲನೆಯದು ಸಿಂಗಪುರ್ ಏರ್‌ಲೈನ್ಸ್ ಕೈ ಸೇರಿತು, 2021ರ ಡಿಸೆಂಬರ್‌ನಲ್ಲಿ ಕೊನೆಯದು ಎಮಿರೇಟ್ಸ್‌ಗೆ ಹೋಯಿತು, ಒಟ್ಟು 251. ಕೆಟ್ಟ ವಿಮಾನವಲ್ಲ. ಸ್ಲಾಟ್ ಸಿಗದ ಲಂಡನ್ ಹೀಥ್ರೂನಂಥ ನಿಲ್ದಾಣಕ್ಕೆ, ಜನ ಕಿಕ್ಕಿರಿದ ರೂಟಿಗೆ ಅದು ಇವತ್ತಿಗೂ ಒಪ್ಪುತ್ತದೆ. ಅಂಥ ರೂಟುಗಳೇ ಬೆರಳೆಣಿಕೆ. ಆಟದಲ್ಲೂ ಸ್ಲಾಟ್ ಸಿಗದ ನಿಲ್ದಾಣಕ್ಕೆ ಮಾತ್ರ ದೊಡ್ಡದನ್ನು ಕಳಿಸಿ.

ಒಂದೇ ಬಗೆಯ ವಿಮಾನ ಇಡಬೇಕೋ ಹಲವು ಬಗೆ ಇಡಬೇಕೋ? ಇದರ ಬಗ್ಗೆ ನಮ್ಮ ಗೆಳೆಯರ ನಡುವೆ ಜಗಳವೇ ಆಗಿದೆ. ಒಂದೇ ಬಗೆಯಾದರೆ ಪೈಲಟ್‌ಗಳಿಗೆ ಒಂದೇ ತರಬೇತಿ, ಬಿಡಿಭಾಗ ಒಂದೇ, ಯಾವ ವಿಮಾನ ಕೆಟ್ಟರೂ ಯಾವುದನ್ನಾದರೂ ಕಳಿಸಬಹುದು. ಅಮೆರಿಕದ ಸೌತ್‌ವೆಸ್ಟ್ 1971ರಲ್ಲಿ ಬೋಯಿಂಗ್ 737 ಹಿಡಿದು ಇವತ್ತಿಗೂ ಅದರಲ್ಲೇ ಇದೆ. ಏರ್‌ವೇಸಿಮ್‌ನಲ್ಲಿ ಮೂರು ಬಗೆ ದಾಟಿದರೆ ಖರ್ಚು ಸರಸರ ಏರುತ್ತದೆ. ಹಾಗಾಗಿ ಹಳೇ ಆಟಗಾರರೆಲ್ಲ ಒಂದೇ ಬಗೆ ಇಡಿ ಅನ್ನುತ್ತಾರೆ.

ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. 2019ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ 737 ಮ್ಯಾಕ್ಸ್ ಹಾರಾಟ ನಿಂತಾಗ ಸೌತ್‌ವೆಸ್ಟ್‌ನ 34 ಹೊಸ ವಿಮಾನಗಳು ನೆಲ ಹಿಡಿದವು, ಬದಲಿಗೆ ತರಲು ಬೇರೆ ಬಗೆ ಇರಲಿಲ್ಲ. ನಮ್ಮ ದೇಶದಲ್ಲಿ ಗೋ ಫಸ್ಟ್ ಏರ್‌ಲೈನ್ ತನ್ನ ಎ320 ನಿಯೋ ವಿಮಾನಗಳ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ತೊಂದರೆಯನ್ನೇ ಕಾರಣವಾಗಿ ಹೇಳಿ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿತು. ಅವೇ ಎಂಜಿನ್‌ಗಳ ತೊಂದರೆಯಿಂದ ಇಂಡಿಗೋದ ಹತ್ತಾರು ವಿಮಾನಗಳೂ ನಿಂತವು. ಆದರೆ ಇಂಡಿಗೋ ಹಳೇ ಎ320ಗಳ ಲೀಸ್ ಮುಂದುವರಿಸಿತು, ಬೇರೆ ಕಂಪನಿಗಳಿಂದ ವಿಮಾನ ಬಾಡಿಗೆಗೆ ತಂದಿತು, ಆರ್ಡರ್‌ಗಳಲ್ಲಿ ಬೇರೆ ಎಂಜಿನ್ನೂ ಇತ್ತು. ಗಟ್ಟಿ ನಿಂತಿತು. ನನ್ನ ಕಂಪನಿಯಲ್ಲಿ ಈಗ ಎರಡು ಬಗೆ: ಸಣ್ಣ ಊರಿಗೆ ಎಟಿಆರ್, ದೊಡ್ಡ ಊರಿಗೆ ಎ320. ಮೂರನೆಯದು ಬೇಕಾದರೆ ಅದರ ಹತ್ತು ವಿಮಾನಕ್ಕೆ ಕೆಲಸ ಇದೆ ಅಂತ ಖಾತ್ರಿಯಾದ ಮೇಲೆ. ಒಂದೆರಡು ವಿಮಾನಕ್ಕಾಗಿ ಇಡೀ ಹೊಸ ಗ್ಯಾರೇಜ್ ತೆರೆಯುವುದು ದುಬಾರಿ.

ಪರಿಸ್ಥಿತಿ ಬದಲಾಯಿತು ಅಂತ ಗೊತ್ತಾಗುವುದು ಹೇಗೆ? ನಾನು ವಾರಕ್ಕೊಮ್ಮೆ ರೂಟಿನ ಪಟ್ಟಿ ತೆಗೆದು ತುಂಬಿದ ಸೀಟಿನ ಶೇಕಡಾವಾರು ನೋಡುತ್ತೇನೆ. ಶೇ 95ರ ಮೇಲೇ ನಿಂತಿದ್ದರೆ ಖುಷಿಪಡುವ ಮಾತಲ್ಲ, ಜನ ಸೀಟು ಸಿಗದೆ ಹೋಗುತ್ತಿದ್ದಾರೆ ಅಂತ ಅರ್ಥ. ಟಿಕೆಟ್ ದರ ಏರಿಸಿ ನೋಡಬೇಕು, ಆಗಲೂ ತುಂಬಿದರೆ ಟ್ರಿಪ್ ಹೆಚ್ಚಿಸಬೇಕು, ಆಮೇಲೆ ದೊಡ್ಡ ವಿಮಾನ. ಸತತ ಮೂರು ವಾರ ಅಸಲಿಗಿಂತ ಕೆಳಗೆ ಇದ್ದರೆ ಇದೇ ಮೆಟ್ಟಿಲನ್ನು ಇಳಿಯುತ್ತೇನೆ. ಇಳಿಯುವುದೇ ಕಷ್ಟ. ದೊಡ್ಡಪ್ಪ ಇದನ್ನು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ ಅಂತಾದಾಗ ಅವರ ಒಂದು ರೂಟಿನ ಕಲೆಕ್ಷನ್ ಇಳಿಯಿತು. ಎರಡು ತಿಂಗಳು ಪುಸ್ತಕ ಹಿಡಿದು ಕೂತರು. ಒಂದು ಬಸ್ಸು ಮಾರಿದರು, ಇನ್ನೊಂದನ್ನು ಸರ್ಕಾರಿ ಬಸ್ಸು ಹೋಗದ ಹಳ್ಳಿಗಳ ಕಡೆ ತಿರುಗಿಸಿದರು, ಮತ್ತೊಂದನ್ನು ಮದುವೆ, ಪ್ರವಾಸದ ಬಾಡಿಗೆಗೆ ಇಟ್ಟರು. ಮಾರಿದ ಬಸ್ಸಿನ ಮೇಲೆ ಅವರಿಗೆ ಬಹಳ ಪ್ರೀತಿ ಇತ್ತು. ಮಾರುವ ದಿನ ಬೆಳಿಗ್ಗೆ ತಾವೇ ತೊಳೆದು ಕಳಿಸಿದರು.

ಹುಡುಗ ಕೊನೆಗೆ ಒಂದು ಎಟಿಆರ್ ತಗೊಂಡ. ಒಂದು ಮೂರಾಯಿತು. ಮುಂದಿನ ಸೋಮವಾರದಿಂದ ಅವನಿಗೆ ಸೆಮಿಸ್ಟರ್ ಪರೀಕ್ಷೆ, ಹಾಗಾಗಿ ಆಟದಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಜೆಟ್ ಕೊಂಡು ದೂರದ ರೂಟಿಗೆ ಹಾಕಿದ್ದಾನೆ, ಬೆಳಿಗ್ಗೆ ಸಂಜೆ ಮಾತ್ರ ಹೊರಡಿಸಲು. ನಿನ್ನೆ ರಾತ್ರಿ ಅದನ್ನು ದೊಡ್ಡಪ್ಪನಿಗೆ ತೋರಿಸಿದ. ಅವರು ಕನ್ನಡಕ ಏರಿಸಿಕೊಂಡು ಪಟ್ಟಿ ನೋಡಿ, “ಮೂರೂ ಎಟಿಆರ್ ಒಂದೇ ದಿನ ರಿಪೇರಿಗೆ ಬಿಡಬ್ಯಾಡ, ಒಂದೊಂದೇ ಬಿಡು” ಅಂದರು. ಹುಡುಗ ಮೂರನ್ನೂ ಶನಿವಾರಕ್ಕೇ ಹಾಕಿದ್ದ. ಎರಡನ್ನು ತೆಗೆದು ಮಂಗಳವಾರಕ್ಕೊಂದು, ಗುರುವಾರಕ್ಕೊಂದು ಹಾಕಿ ಮೊಬೈಲ್ ಪಕ್ಕಕ್ಕಿಟ್ಟು ಪುಸ್ತಕ ತೆಗೆದ.